ಹೆಸ್ಲಪ್ ಸೋದರರ ನಡುವಿನ ಗೋಡೆ

ಕತ್ಬರ್ಟ್ ಹೆಸ್ಲಪ್ ದ್ವೇಷ ಸಾಕಿಕೊಂಡು ಬದುಕಿದ ಮನುಷ್ಯ. ನಮ್ಮ ಬೀದಿಯ ಬೇರೆ ಗಂಡಸರು ಪಾರಿವಾಳ ಸಾಕಿದರು. ಇವನು ದ್ವೇಷ ಸಾಕಿದ, ಹೊತ್ತುಹೊತ್ತಿಗೆ ಅದಕ್ಕೆ ಕಾಳು ಹಾಕಿದ. ಚಿಕ್ಕಂದಿನಿಂದ ಬಲ್ಲೆನಾದ್ದರಿಂದ ಹೀಗೆನ್ನಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನಾರ್ಥಂಬರ್ಲೆಂಡಿನ ನಮ್ಮ ಗಣಿಕೇರಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಕತ್ಬರ್ಟನ ಗೋಡೆಯಾಚೆ ಅವನ ತಮ್ಮ ಮ್ಯಾಟಿ. ದೊಡ್ಡ ಮುಷ್ಕರದ ವರ್ಷ ಮ್ಯಾಟಿಯ ಹೆಂಡತಿ ಕಾಯಿಲೆ ಬಿದ್ದಳು. ಅವನು ಮುಷ್ಕರ ಮುಗಿಯುವ ಮೊದಲೇ ಗಣಿಗಿಳಿದ. ಅಂದಿನಿಂದ ಅಣ್ಣ ಅವನೊಡನೆ ಮಾತು ಬಿಟ್ಟ. ಗಣಿ ಮುಚ್ಚಿತು, ಆ ಹೆಂಡತಿ ತೀರಿಕೊಂಡಳು, ಇಬ್ಬರ ಹಲ್ಲೂ ಉದುರಿದವು. ಮುಷ್ಕರ ಮಾತ್ರ ಆ ಗೋಡೆಯಲ್ಲಿ ಮುಂದುವರಿದಿತ್ತು.

ಈ ಚಳಿಗಾಲ ಮ್ಯಾಟಿ ಒಲೆಯ ಮುಂದೆ ಬಿದ್ದು, ಅರ್ಧ ದಿನ ಕೂಗಿದರೂ ಯಾರೂ ಬರಲಿಲ್ಲ. ಕೂಗಿದರೆ ಓಗೊಡುವವರು ಯಾರಾದರೂ ಇರಬೇಕು, ಇಲ್ಲದಿದ್ದರೆ ಬುಧವಾರ ವೃದ್ಧಾಶ್ರಮ ಎಂದಳು ನರ್ಸ್ ಬ್ರೈಡಿ. ಮ್ಯಾಟಿಗೆ ಆ ಮನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಅದೇ ವಾರ ಕತ್ಬರ್ಟ್ ನನ್ನ ಬಾಗಿಲಿಗೆ ಬಂದ. ನಾನು ಕಾಲೇಜಿನಲ್ಲಿ ಹಳೆಯ ಇಂಗ್ಲಿಷ್ ಕಲಿಸಿದವಳು.

"ಮೇಷ್ಟ್ರಮ್ಮ, ನಾವು 'ಥರ್ಲ್' ಅಂತೀವಲ್ಲ, ಅದು ಗಣಿಯೋರ ಬಾಯಲ್ಲಿ ಕೆಟ್ಟುಹೋದ ಇಂಗ್ಲಿಷ್ ಅಂತ ಕ್ಲಬ್ಬಲ್ಲಿ ಹೊಸ ಪಾದ್ರಿ ಅಂದ. ಅವನ ಬಾಯಿ ಮುಚ್ಚಿಸೋಕೆ ಏನಾದ್ರೂ ಕೊಡಿ."

ಎರಡು ಕಡೆಯಿಂದ ಸುರಂಗ ಕೊರೆಯುತ್ತ ಬಂದವರು ನಡುವೆ ಉಳಿದ ಕಲ್ಲಿದ್ದಲನ್ನು ಚುಚ್ಚಿ ಒಂದಾಗಿಸುವುದಕ್ಕೆ ಗಣಿಯಲ್ಲಿ ಥರ್ಲ್ ಎನ್ನುತ್ತಾರೆ. ಪದ ಗಣಿಗಿಂತ ಬಹಳ ಹಳೆಯದು ಎಂದೆ. 'ಈಚೆಯಿಂದ ಆಚೆಗೆ' ಎಂಬರ್ಥದ ಮಾತಿನಿಂದ ತೂತಿಗೆ ಹೆಸರು ಬಂತು. ತೂತಿನ ಹೆಸರಿನಿಂದ ತೂತು ಮಾಡುವ ಕ್ರಿಯಾಪದ. ಹೊಳ್ಳೆಗೆ ಹೇಳುವ ನಾಸ್ಟ್ರಿಲ್ ಎಂದರೆ ಮೂಗಿನ ಥರ್ಲ್. ಥ್ರಿಲ್ ಕೂಡ ಅದೇ, ಅಕ್ಷರ ಹಿಂದುಮುಂದಾಗಿದೆ ಅಷ್ಟೇ; ಮೊದಲು ಮೈಯನ್ನು ತೂರುತ್ತಿದ್ದದ್ದು ಈಟಿ, ಆಮೇಲೆ ಪುಳಕ.

"ಅಂದ್ರೆ ಆ ಪಾದ್ರಿ ಮುಖದಲ್ಲೇ ಎರಡಿದಾವೆ!"

"ಇವೆ. ಕೂದಲು ಸಮೇತ."

ಅವನು ಕೆಮ್ಮು ಬರುವಷ್ಟು ನಕ್ಕ. ಆ ಖುಷಿಯಲ್ಲಿದ್ದಾಗಲೇ ಕೇಳಿದೆ: "ಬುಧವಾರ ಮ್ಯಾಟೀನ ಕರ್ಕೊಂಡು ಹೋಗ್ತಾರೆ. ಕೂಗಿದ್ರೆ ನಾನಿದೀನಿ ಅಂತ ನರ್ಸಿಗೆ ಒಂದು ಮಾತು ಹೇಳು."

"ಯಾವ ಮ್ಯಾಟಿ?"

"ನಿಮ್ಮಮ್ಮನ ಎರಡನೇ ಮಗ."

"ನಮ್ಮಮ್ಮಂಗೆ ನಾನೊಬ್ನೇ. ಆಮೇಲೆ ಆಗಿದ್ದು ಅಜೀರ್ಣ." ಎದ್ದು ಟೋಪಿ ಹಾಕಿಕೊಂಡ. "ಸಿಡಿಮದ್ದು ಹೊಡೆದೂ ಹೊಡೆದೂ ನನ್ನ ಕಿವಿ ಹೋಗಿದೆ. ಆ ಗೋಡೆಯಿಂದ ನಂಗೇನೂ ಕೇಳ್ಸಲ್ಲ."

ಬುಧವಾರ ನಾನು ಮ್ಯಾಟಿಯ ಅಂಗಿಗಳನ್ನು ಮಡಿಸುತ್ತಿದ್ದೆ. ಬ್ರೈಡಿ ಅವನ ಊರುಗೋಲನ್ನೂ ಒಲೆಯ ಸಲಾಕೆಯನ್ನೂ ಆಗಲೇ ಕಾರಿಗೆ ಸಾಗಿಸಿದ್ದಳು. ಸಲಾಕೆ ಯಾಕೆಂದು ಕೇಳಿದರೆ, "ಅದಿಲ್ದೆ ಬರಲ್ಲ ಅಂತಾನಮ್ಮ," ಎಂದಳು. ಅಷ್ಟರಲ್ಲಿ ಒಲೆಯ ಪಕ್ಕದ ಗೋಡೆ ಕುಟುಕುಟು ಎಂದಿತು. ಸುಣ್ಣ ಉದುರಿತು.

"ಇಲಿಗಳಾ?" ಎಂದಳು ಬ್ರೈಡಿ.

"ಅಲ್ಲ," ಎಂದ ಮ್ಯಾಟಿ. "ನಮ್ಮಣ್ಣ. ಹಳೇ ಹಂದಿ."

ಪಾಠ ಮಾಡಿದ ಗಂಟಲು ನನ್ನದು, ಗೋಡೆಗೇ ಬಾಯಿಟ್ಟು ಕೂಗಿದೆ: "ಏನ್ ಮಾಡ್ತಿದೀಯ ಕತ್ಬರ್ಟ್?"

"ಅವನ ಹತ್ರ ಮಾತಾಡ್ತಿಲ್ಲ!" ಆಚೆಯಿಂದ ಬಂತು ಉತ್ತರ. "ಥರ್ಲ್ ಮಾಡ್ತಿದೀನಿ. ಅವನು ಕೂಗೋಕೆ ಒಂದು ತೂತು. ಅಷ್ಟೇ!"

"ಹಾಗಾದ್ರೆ ಹೊಡಿ!" ಎಂದೆ.

ಅವನು ಹೊಡೆಯಲಿಲ್ಲ, ಮೆಲ್ಲಗೆ ಕುಟ್ಟಿ ನಿಂತ. ಗಣಿಯಲ್ಲಿ ಕೊನೆಯ ಏಟಿಗೆ ಮುನ್ನ ಕುಟ್ಟಿ, ಆಚೆಯವನು ತಿರುಗಿ ಕುಟ್ಟುವವರೆಗೆ ಕಾಯಬೇಕು. ಇಲ್ಲದಿದ್ದರೆ ಗುದ್ದಲಿ ಅವನ ಮುಖಕ್ಕೇ ಇಳಿಯುತ್ತದೆ. ಮ್ಯಾಟಿ ಕುಟ್ಟಲು ಏನಾದರೂ ಸಿಗುವುದೇ ಎಂದು ಸುತ್ತ ತಡಕಾಡಿದ. ಕೊನೆಗೆ ಕಾಲಿನ ಬೂಟು ಬಿಚ್ಚತೊಡಗಿದ. ಊದಿದ ಕಾಲು, ಬಿಗಿದ ಲಾಡಿ. ಬಹಳ ಹೊತ್ತು ಹಿಡಿಯಿತು.

ಗೋಡೆಯಾಚೆ ಕತ್ಬರ್ಟ್ ಕಾದ.