ಆಕಾಶನೌಕೆಯಲ್ಲಿ ಊಟದ ಹೊತ್ತು

ಸಂಜೆ ಪಕ್ಕದ ಮನೆಯಿಂದ ಒಗ್ಗರಣೆಯ ವಾಸನೆ ಬಂತೆಂದರೆ ನನ್ನ ಬರವಣಿಗೆ ಮುಗಿದಂತೆಯೇ. ಗೋಕಾಕದ ಈ ಓಣಿಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ನಮ್ಮಂಥ ಜೈನರ ಮನೆಗಳು ನಾಲ್ಕಾರಿವೆ. ಆ ವಾಸನೆ ಮಾತ್ರ ನನ್ನನ್ನು ಕುಲಗೋಡದ ಕಾಕುವಿನ ಅಡುಗೆಮನೆಗೆ ಒಯ್ಯುತ್ತದೆ. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಗಬೇಡಿ, ವಿಜ್ಞಾನ ಕಾದಂಬರಿಗಳಿಗೆ ಅವರಷ್ಟು ನಿಷ್ಠುರ ವಿಮರ್ಶಕರನ್ನು ನಾನು ಕಂಡಿಲ್ಲ.

ಎಮ್ಮೆ ಹಿಂಡಿ, ಕೈ ಒರೆಸಿಕೊಂಡು ಕಾಕು ಓದಲು ಕೂಡುತ್ತಿದ್ದರು. ಮಂತ್ರವಾದಿಗಳು, ಎರಡು ಚಂದ್ರರಿರುವ ಲೋಕಗಳು, ಬೆಂಕಿ ಉಗುಳುವ ಪ್ರಾಣಿಗಳು, ಯಾವುದನ್ನೂ ಅವರು ಅನುಮಾನಿಸಿದವರಲ್ಲ. ಉಗುಳಿದರೆ ಉಗುಳಲಿ. "ಅಷ್ಟ ದೊಡ್ಡ ಪ್ರಾಣಿ ಕಟ್ಟ್ಯಾರಲ್ಲ, ಸಗಣಿ ಯಾರು ಬಳೀತಾರು?" ಎಂಬುದಷ್ಟೇ ಅವರ ಪ್ರಶ್ನೆ. ಕೋಲು ಬೀಸಿ ಅರಮನೆ ಎಬ್ಬಿಸುವ ಮಂತ್ರವಾದಿಯ ಹೆಂಡತಿ ಇನ್ನೂ ಕೈಯಲ್ಲೇ ಪಾತ್ರೆ ತಿಕ್ಕುತ್ತಿದ್ದಾಳೆಂಬ ಕಾರಣಕ್ಕೆ ಒಂದು ದಪ್ಪ ಕಾದಂಬರಿ ಅಟ್ಟ ಸೇರಿತು. ಸೂರ್ಯ ಮುಳುಗದ ಗ್ರಹದ ಕತೆಯನ್ನು ಮಾತ್ರ ಮತ್ತೆ ಮತ್ತೆ ಓದಿದರು. ಅಲ್ಲಿ ಯಾವಾಗ ಬೇಕಾದರೂ ಉಣ್ಣಬಹುದಂತೆ.

ಇಂಥವರ ಕೈಗೆ ನನ್ನ ಮೊದಲ ಕಾದಂಬರಿಯ ಹಸ್ತಪ್ರತಿ ಕೊಟ್ಟೆ. ಕಾಕು ಒಪ್ಪಿದರೆ ಅಚ್ಚು, ಇಲ್ಲದಿದ್ದರೆ ಬರೆಯುವ ಉಸಾಬರಿಯೇ ಬೇಡ ಎಂದುಕೊಂಡಿದ್ದೆ. ನನ್ನ ನಾಯಕನ ಆಕಾಶನೌಕೆ ಸೂರ್ಯನನ್ನು ಹಿಂದೆ ಬಿಟ್ಟು ವರ್ಷಗಟ್ಟಲೆ ಕತ್ತಲಲ್ಲಿ ಸಾಗುತ್ತದೆ. ಅಲ್ಲಿಗೆ ಬಂದವರೇ ಕಾಕು ಪುಟ ಮಡಚಿ ಮುಚ್ಚಿಟ್ಟರು.

"ಹೊತ್ತ ಮುಳುಗಿತಲ್ಲಪಾ. ಇನ್ನ ಅವ ಉಣ್ಣೂದು ಯಾವಾಗ?"

"ಅವ ಜೈನ ಅಲ್ಲ, ಕಾಕು."

"ಬರದಾವ ನೀ ಅಲ್ಲೇನು?"

ಮುಂದೆ ಓದಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಸ್ತಪ್ರತಿಯನ್ನು ವಾಪಸು ಕೇಳದೆ ಗೋಕಾಕಕ್ಕೆ ಬಂದುಬಿಟ್ಟೆ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಕಾಕುವನ್ನು ಗೋಕಾಕಕ್ಕೆ ಕರೆತಂದೆ. ಹೆದರಿಕೆಗೆ ಬೆಳಗಿನಿಂದ ಏನೂ ತಿಂದಿರಲಿಲ್ಲ. ಸರದಿ ಬಂದು, ಆಪರೇಶನ್ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು, ಕೋಣೆಗೆ ಕಿಟಕಿಯಿಲ್ಲ. ನರ್ಸಮ್ಮ ಉಪ್ಪಿಟ್ಟು ತಂದು ನನ್ನ ಕಿವಿಯಲ್ಲಿ, "ಹೊತ್ತ ಐತಿ ಅಂತ ಹೇಳಿಬಿಡ್ರಿ. ಪಾಪ, ಉಣ್ಣಲಿ," ಎಂದರು.

"ಹೊತ್ತ ಐತೇನಪಾ?" ಕಾಕು ಕೇಳಿದರು.

ನಾನು ಏನು ಹೇಳಿದರೂ ನಂಬುತ್ತಿದ್ದರು. ಲೋಕಗಳನ್ನೇ ಸುಳ್ಳುಸುಳ್ಳೇ ಹುಟ್ಟಿಸಿದವನಿಗೆ ಒಬ್ಬ ಸೂರ್ಯನನ್ನು ತುಸು ಹೊತ್ತು ತಡೆಯುವುದು ದೊಡ್ಡದಲ್ಲ. ಆದರೆ ನಾಲಿಗೆ ಏಳಲಿಲ್ಲ.

"ಮುಳುಗೈತಿ, ಕಾಕು."

ಕಾಕು ಉಪ್ಪಿಟ್ಟಿನ ತಟ್ಟೆಯನ್ನು ತಡವಿ ಆಚೆ ಸರಿಸಿದರು. "ಇರ್ಲಿ ಬಿಡು. ಚೀಲದಾಗ ನಿನ್ನ ಕಾದಂಬರಿ ಐತಿ, ತಗಿ. ಪುಟ ಮಡಚೇನಿ. ಅವನೂ ಉಪಾಸ, ನಾನೂ ಉಪಾಸ. ಮುಂದ ಓದು."

ಮಡಚಿದ ಪುಟ ಬಿಡಿಸಿದೆ. ಕೊನೆಯವರೆಗೂ ಓದಿದೆ.

ಬೆಳಿಗ್ಗೆ ಮನೆಯಿಂದ ತಂದ ರೊಟ್ಟಿ ಮುರಿಯುತ್ತ ಕಾಕು ತೀರ್ಪು ಕೊಟ್ಟರು: "ಚೊಲೋ ಐತಿ. ಆದರ ಹೊರಡೂ ಮೊದಲ ಅವಂಗ ಉಣ್ಣಾಕ ಹಾಕು."

ಇಗೋ, ಒಗ್ಗರಣೆಯ ವಾಸನೆ ದಟ್ಟವಾಯಿತು. ಇವತ್ತು ಮಾತ್ರ ನಾನು ಬರೆಯುವುದನ್ನು ನಿಲ್ಲಿಸಿಲ್ಲ. ನೌಕೆ ಹಾರಲು ಸಿದ್ಧವಾಗಿದೆ, ವಿಜ್ಞಾನಿಗಳೆಲ್ಲ ಗಡಿಯಾರ ನೋಡುತ್ತಿದ್ದಾರೆ. ನಾಯಕ ಪಡುವಣದ ಕಡೆಗೊಮ್ಮೆ ನೋಡಿ, ಅವಸರವಿಲ್ಲದೆ ಇನ್ನೊಂದು ರೊಟ್ಟಿ ಮುರಿಯುತ್ತಿದ್ದಾನೆ. ಬಡಿಸುತ್ತಿರುವವರು ಕಾಕು.