ತಣ್ಣಗಾಗುವ ಲಾರಿಯ ಸದ್ದು

ಕಳೆದ ತಿಂಗಳು ಅಂತರಸನಹಳ್ಳಿಯಲ್ಲಿ ಬಸ್ಸಿಗಾಗಿ ಕಾಯುತ್ತಿದ್ದಾಗ ಪಕ್ಕದಲ್ಲಿ ಲಾರಿಯೊಂದು ಬಂದು ನಿಂತಿತು. ಅದರ ಡ್ರೈವರ್ ಎಂಜಿನ್ ಆರಿಸಿ ಟೀ ಅಂಗಡಿಯ ಕಡೆ ನಡೆದ. ತುಸು ಹೊತ್ತಿಗೆ ಕಾದ ಎಣ್ಣೆಯ ವಾಸನೆಯ ಜೊತೆಗೆ, ಬಿಸಿ ಲೋಹದ ಒಳಗಿನಿಂದ ಒಂದು ಸಣ್ಣ ಸದ್ದು ಹೊರಟಿತು. ಟಿಕ್… ಟಿಕ್… ನನಗೆ ಒಮ್ಮೆಲೇ ತುಮಕೂರಿನ ನಮ್ಮ ಹಳೆಯ ಬೀದಿಯ ಎದುರುಮನೆಯ ಡ್ರೈವರ್ ನೆನಪಾದರು.

ಅವರನ್ನು ನಾನು ಕಂಡದ್ದು ಯಾವ ವರ್ಷ ಎಂಬುದನ್ನು ಖಚಿತವಾಗಿ ಹೇಳಲಾರೆ. ಬೀದಿಯ ಅಂಗಡಿಯಲ್ಲಿ ನಯಾಪೈಸೆಯ ಮಾತು ರೂಢಿಗೆ ಬಂದಿತ್ತು. ಆದರೆ ಕುಣಿಗಲ್ ರಸ್ತೆಯ ಕಲ್ಲುಗಳ ಮೇಲೆ ಇನ್ನೂ ಮೈಲಿಗಳೇ ಇದ್ದವು, ಕಿಲೋಮೀಟರ್ ಬಂದಿರಲಿಲ್ಲ. ಇವೆರಡನ್ನೂ ಎದುರುಬದುರು ಇಟ್ಟು ನೋಡಿದರೆ ಐವತ್ತರ ದಶಕದ ಕೊನೆ, ಇಲ್ಲವೇ ಅರವತ್ತರ ಮೊದಲ ಒಂದೆರಡು ವರ್ಷ. ಅದಕ್ಕಿಂತ ಹತ್ತಿರ ಹೋಗಲು ನನ್ನಲ್ಲಿ ಆಧಾರವಿಲ್ಲ. ಆಗ ನಾನು ಶಾಲೆಯೊಂದರಲ್ಲಿ ಹೊಸ ಉಪಾಧ್ಯಾಯ. ರಜೆಯಲ್ಲಿ ಹಳ್ಳಿಗಳ ಶಾಸನಗಳನ್ನು ನಕಲು ಮಾಡಲು ಹೋಗುತ್ತಿದ್ದೆ. ಹಾಗೆ ಹೋಗುವಾಗ ಅವರ ಲಾರಿಯಲ್ಲಿ ನನಗೊಂದು ಜಾಗ ಸದಾ ಇರುತ್ತಿತ್ತು.

ಅವರು ಮೊದಲು ಓಡಿಸುತ್ತಿದ್ದುದು ಯುದ್ಧ ಮುಗಿದ ಮೇಲೆ ಸೈನ್ಯ ಹರಾಜಿಗೆ ಬಿಟ್ಟ ಹಳೆಯ ಪೆಟ್ರೋಲ್ ಲಾರಿ. ಅವರ ಹೆಂಡತಿಯ ತಮ್ಮನೇ ಅದಕ್ಕೆ ಕ್ಲೀನರ್. ಒಮ್ಮೆ ಕೆಲವು ದಿನ ಆ ಲಾರಿಯ ಚಕ್ರದ ಕಡೆಯಿಂದ ಕಿರ್ರೆನ್ನುವ ಸದ್ದು ಬರುತ್ತಿತ್ತು. ಹಳೆಯ ಗಾಡಿ, ಸದ್ದು ಮಾಡದೆ ಇನ್ನೇನು ಮಾಡೀತು ಎಂದು ಎಲ್ಲರೂ ಹೇಳಿದರು, ಅವರೂ ಹಾಗೆಯೇ ತಿಳಿದರು. ಕುಣಿಗಲ್ ರಸ್ತೆಯ ಒಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಲಾರಿ ಹುಣಸೆಮರಕ್ಕೆ ಬಡಿಯಿತು. ಡ್ರೈವರ್ ಉಳಿದರು, ಭಾಮೈದ ಉಳಿಯಲಿಲ್ಲ.

ಇದೆಲ್ಲ ನಾನು ಆ ಬೀದಿಗೆ ಬರುವ ಮುಂಚಿನ ಮಾತು. ನಾನು ಬರುವ ಹೊತ್ತಿಗೆ ಮಾಲೀಕರು ಹೊಸ ಡೀಸೆಲ್ ಲಾರಿ ತಂದು ಅವರ ಕೈಗೇ ಕೊಟ್ಟಿದ್ದರು. ಅದೊಂದು ಬೇರೆಯೇ ಜಾತಿಯ ಪ್ರಾಣಿ. ಚಳಿಯ ಬೆಳಗಿನಲ್ಲಿ ಶುರು ಮಾಡಿದರೆ ಒಳಗೆ ಯಾರೋ ಸುತ್ತಿಗೆಯಿಂದ ಕುಟ್ಟಿದಂತೆ ಬಡಿಯುತ್ತಿತ್ತು, ಬಿಳಿಯ ಹೊಗೆ ಬೀದಿಯನ್ನೆಲ್ಲ ತುಂಬುತ್ತಿತ್ತು. ಎಂಜಿನ್ ಕಾದ ಮೇಲೆ ನಿಂತಲ್ಲೇ ಮೆಲ್ಲಗೆ ಓಡುವಾಗ ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿಯುತ್ತಿತ್ತು. ಹೇರು ಇಳಿಸಿ ಬರುವಾಗ ಗಡುಸಾದ ಸ್ಪ್ರಿಂಗ್ ಪಟ್ಟೆಗಳ ಮೇಲೆ ಖಾಲಿ ಲಾರಿ ಎಗರಿ ಎಗರಿ, ಮೈಯೆಲ್ಲ ಗಡಗಡ ಎನ್ನುತ್ತಿತ್ತು. ಇವೆಲ್ಲ ಅದರ ಸಹಜ ನಡವಳಿಕೆಗಳು. ಡ್ರೈವರಿಗೆ ಮಾತ್ರ ಒಂದೊಂದೂ ರೋಗವಾಗಿ ಕೇಳುತ್ತಿತ್ತು. ಒಮ್ಮೆ ರೋಗವನ್ನು ಸಹಜವೆಂದು ನಂಬಿದ್ದವರು, ಇನ್ನು ಯಾವುದನ್ನೂ ಸಹಜವೆಂದು ನಂಬಲು ಒಲ್ಲದಾಗಿದ್ದರು. ದಾರಿಯಲ್ಲಿ ನಿಲ್ಲಿಸುವುದು, ಕೆಳಗೆ ನುಗ್ಗುವುದು, ಏನೂ ಕಾಣದೆ ಎದ್ದು ಬರುವುದು, ಮತ್ತೆ ನಿಲ್ಲಿಸುವುದು…

ಗುಬ್ಬಿಯಿಂದ ಹೇರಿದ ಕೊಬ್ಬರಿ ಎರಡು ಸಲ, ಮಾರುಕಟ್ಟೆಯ ಹರಾಜು ಮುಗಿದ ಮೇಲೆ ತಲುಪಿತು. ಮಾಲೀಕರು ಬೀದಿಗೇ ಬಂದರು.

"ಏನ್ಲಾ, ಲಾರಿ ಓಡಿಸ್ತೀಯೋ, ಇಲ್ಲಾ ಅದರ ನಾಡಿ ಹಿಡ್ಕಂಡು ಕೂತ್ಕತೀಯೋ? ಡೀಸೆಲ್ ಗಾಡಿ ಕಣೋ, ಗೊಣಗೋದೇ ಅದರ ಹುಟ್ಟುಗುಣ. ನಾಳೆ ಕುಣಿಗಲ್‌ಗೆ ರಾಗಿ ಹೋಗ್ಬೇಕು. ದಾರೀಲಿ ಸುಮ್‌ಸುಮ್ನೆ ನಿಲ್ಸಿದೆ ಅಂತ ತಿಳೀತೋ, ಬೀಗದ ಕೈ ಬೇರೆಯವನಿಗೆ."

ಸ್ಟಿಯರಿಂಗ್ ಬಿಟ್ಟರೆ ಅವರಿಗೆ ಬೇರೆ ಬದುಕು ತಿಳಿಯದು. ನನಗೆ ತಿಳಿದ ಸಹಾಯ ಒಂದೇ. ಲಾರಿಯ ಜೊತೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಸಂಜೆ ಜಗಲಿಯ ಮೇಲೆ ಓದಿ ಅರ್ಥ ಹೇಳಿದೆ. ಎಂಜಿನ್ ತಣ್ಣಗಿದ್ದಾಗ ಬಡಿಯುವುದು ದೋಷವಲ್ಲ, ಕಾದ ಎಣ್ಣೆ ತೆಳುವಾಗುವುದರಿಂದ ಮುಳ್ಳು ಇಳಿಯುತ್ತದೆ ಎಂದೆಲ್ಲ. ಅವರು ವಿನಯದಿಂದ ಕೇಳಿಸಿಕೊಂಡರು.

"ಸರಿಯಾಗೇ ಬರ್ದವ್ರೆ ಮೇಷ್ಟ್ರೇ. ಆದ್ರೆ ಬರ್ದೋರು ಆ ಹುಣಸೆಮರ ನೋಡಿಲ್ವಲ್ಲ."

ಒಳಗಿನಿಂದ ಅವರ ಹೆಂಡತಿ ಬಂದರು. ತಮ್ಮ ಹೋದಂದಿನಿಂದ ಆ ಅಕ್ಕ ಲಾರಿಯ ಹತ್ತಿರ ಸುಳಿದವರಲ್ಲ.

"ಏನೂಂದ್ರೆ, ನಾಳೆ ನಾನೂ ಬರ್ತೀನಿ. ಎಡೆಯೂರಿಗೆ ಹೋಗಿ ಕಾಯಿ ಒಡ್ಸಬೇಕು."

"ನೀನಾ? ಲಾರೀಲಾ?"

"ಯಾಕೆ, ರಾಗಿಮೂಟೆ ಕೂರೋ ಗಾಡೀಲಿ ನಾನು ಕೂರಬಾರ್ದಾ?"

ನನಗೂ ಆ ಕಡೆ ಒಂದು ಶಾಸನ ನೋಡುವುದಿತ್ತು. ಮರುದಿನ ಮೂವರೂ ಮುಂದಿನ ಸೀಟಿನಲ್ಲಿ ಕುಳಿತೆವು. ಹೊಸ ಕ್ಲೀನರ್ ಮೂಟೆಗಳ ಮೇಲೆ ಹತ್ತಿದ. ಎಂಜಿನ್ ಬಡಿಯತೊಡಗಿದಾಗ ಅಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದರು. ಡ್ರೈವರ್ ಅಚ್ಚರಿಯೆನ್ನುವಂತೆ ಎಲ್ಲಿಯೂ ನಿಲ್ಲಿಸದೆ ಓಡಿಸಿದರು. ಏರನ್ನು ಹತ್ತಿ ಆ ಇಳಿಜಾರಿನ ತಲೆಗೆ ಬಂದಾಗ ಮಾತ್ರ ತಡೆಯಲಾಗಲಿಲ್ಲ. ಲಾರಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿಯೇಬಿಟ್ಟರು. ಕೆಳಗೆ ಹುಣಸೆಮರ ಕಾಣುತ್ತಿತ್ತು. ಆ ಮೌನದಲ್ಲಿ ಟಿಕ್… ಟಿಕ್…

"ಕೇಳ್ತಾ?" ಎಂದರು ಡ್ರೈವರ್.

"ಕೇಳ್ತು. ಒಲೆಯಿಂದ ಇಳ್ಸಿದ ಪಾತ್ರೆನೂ ಆರ್ತಾ ಆರ್ತಾ ಹಿಂಗೇ ಅಂತದೆ."

"ಅವತ್ತೂ ಸದ್ದು ಕೇಳ್ತಿತ್ತು ಕಣೇ. ನಾನು ನಿಲ್ಸಲಿಲ್ಲ."

ಅಕ್ಕ ಮರದ ಕಡೆ ನೋಡಿದರು. ಆಮೇಲೆ ಹೇಳಿದ ಮಾತನ್ನು ಅಲ್ಲಿಯವರೆಗೆ ಅವರು ಯಾರೊಡನೆಯೂ ಆಡಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

"ನೀವೊಬ್ರೇ ಕೇಳಿದ್ದಾ? ಹಿಂದಿನ ರಾತ್ರಿ ಉಣ್ತಾ ಕೂತು ಅವ್ನೇ ಅಂದ. 'ಅಕ್ಕಾ, ಭಾವನ ಲಾರಿ ಈಗ ಹಾಡು ಕಲ್ತದೆ' ಅಂತ. ಹಂಗೇ ಹಾಡಿ ತೋರ್ಸಿದ. ನಾನು ಬಿದ್ದೂ ಬಿದ್ದೂ ನಕ್ಕೆ. ನಿಲ್ಸಿ ನೋಡ್ಸಿ ಅಂತ ನಾನು ಅಂದ್ನಾ? ಅವ್ನು ಅಂದ್ನಾ? ಮೂರು ಜನರ ಹೊರೆ, ನೀವೊಬ್ರೇ ಯಾಕೆ ಹೊರ್ತೀರಿ?"

ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟರು. ನಾನು ಹೊರಗಿನ ಮೈಲಿಗಲ್ಲನ್ನು ಓದುವವನಂತೆ ಕಿಟಕಿಯ ಕಡೆ ತಿರುಗಿದೆ. ಅದರ ಮೇಲಿನ ಅಂಕಿ ಈಗ ನೆನಪಿಲ್ಲ… ಎಷ್ಟು ಹೊತ್ತು ಕಳೆಯಿತೋ ಅದೂ ನೆನಪಿಲ್ಲ. ಕೊನೆಗೆ ಅವರು ಇಳಿದು ನಾಲ್ಕೂ ಕಡೆ ಒಂದು ಸುತ್ತು ನೋಡಿ ಬಂದರು. ಎಂಜಿನ್ ಶುರು ಮಾಡಿ ನಾಲ್ಕು ಮಾರು ಮುಂದೆ ಹೋಗಿ ಬ್ರೇಕ್ ಒತ್ತಿದರು. ಹಿಡಿಯಿತು. ಸಣ್ಣ ಗೇರಿನಲ್ಲಿ, ಹಸುವನ್ನು ನೀರಿಗಿಳಿಸುವಂತೆ, ಲಾರಿಯನ್ನು ಇಳಿಸಿದರು. ಮರ ಪಕ್ಕದಲ್ಲಿ ಸರಿದು ಹೋಗುವಾಗ ಅಕ್ಕ ಕೈ ಮುಗಿದರು. ಆಗ ಗಂಡ ಹೆಂಡಿರಿಬ್ಬರೂ ಅಳುತ್ತಿದ್ದರು, ಲಾರಿ ಮಾತ್ರ ಗೊಣಗುತ್ತ ನಡೆದಿತ್ತು.

ಕುಣಿಗಲ್‌ನಲ್ಲಿ ರಾಗಿ ಹೊತ್ತಿಗೆ ಇಳಿಯಿತು. ಎಡೆಯೂರಿನಲ್ಲಿ ಕಾಯಿಯೂ ಒಡೆಯಿತು. ನಿಲ್ಲಿಸಿದ ಸುದ್ದಿ ಕ್ಲೀನರ್ ಬಾಯಿಂದ ಮಾಲೀಕರನ್ನು ತಲುಪಿತ್ತು. ಎಲ್ಲಿ ನಿಲ್ಲಿಸಿದ್ದು ಎಂದು ಅವರು ಕೇಳಿದರಂತೆ, ಜಾಗ ತಿಳಿದ ಮೇಲೆ ಮತ್ತೆ ಆ ಮಾತೆತ್ತಲಿಲ್ಲ.

ಡ್ರೈವರ್ ಪೂರ್ತಿ ಬದಲಾದರು ಎಂದರೆ ತಪ್ಪಾದೀತು. ಮುಳ್ಳು ಇಳಿದಾಗ ಅವರ ಮುಖವೂ ಇಳಿಯುತ್ತಿತ್ತು. ಆದರೆ ದಾರಿಯಲ್ಲಿ ನಿಲ್ಲಿಸುವುದು ಆ ಇಳಿಜಾರಿನ ತಲೆಯೊಂದಕ್ಕೇ ಉಳಿಯಿತು. ಬೆಳಗಿನ ಹೊತ್ತು ಅಕ್ಕ ಬಾಗಿಲಿಗೆ ಬಂದು, ಬಿಳಿಯ ಹೊಗೆಯ ನಡುವೆ, ಎಂಜಿನ್ ಬಡಿತ ಇಳಿದು ಹದಕ್ಕೆ ಬರುವವರೆಗೂ ನಿಲ್ಲುತ್ತಿದ್ದರು. ಆಮೇಲೆ "ಸರಿಯಾಗೈತೆ, ಹೊರಡಿ" ಎನ್ನುತ್ತಿದ್ದರು. ಆ ಮಾತು ಬೀಳದೆ ಲಾರಿ ಬೀದಿ ಬಿಟ್ಟದ್ದನ್ನು ನಾನು ಕಾಣೆ.

ನನಗೆ ವರ್ಗವಾಯಿತು. ಬಹಳ ವರ್ಷಗಳ ನಂತರ ಹೋದಾಗ ಎದುರುಮನೆಯ ಜಾಗದಲ್ಲಿ ಅಂಗಡಿಗಳ ಸಾಲಿತ್ತು. ಅಕ್ಕ ಮೊದಲು ತೀರಿಕೊಂಡರು, ಅವರ ಹಿಂದೆಯೇ ಡ್ರೈವರ್ ಎಂದು ಒಬ್ಬರು ಹೇಳಿದರು. ಅಲ್ಲ, ಡ್ರೈವರೇ ಮೊದಲು ಎಂದು ಇನ್ನೊಬ್ಬರು. ನಾನು ವಿಚಾರಿಸಿದವರ ಹೇಳಿಕೆಗಳು ಇಂದಿಗೂ ಕೂಡಿಬಂದಿಲ್ಲ. ಮೊದಲ ಮಾತು ನಿಜವಾಗಿದ್ದರೆ ಕೊನೆಯ ದಿನಗಳಲ್ಲಿ ಡ್ರೈವರಿಗೆ "ಸರಿಯಾಗೈತೆ" ಎಂದು ಹೇಳಿದವರು ಯಾರು ಎಂಬುದೇ ನನ್ನನ್ನು ಕಾಡುತ್ತದೆ.

ಅಂತರಸನಹಳ್ಳಿಯಲ್ಲಿ ಟೀ ಕುಡಿದು ಬಂದ ಡ್ರೈವರ್, ಲಾರಿಗೆ ಕಿವಿಗೊಟ್ಟು ನಿಂತಿದ್ದ ನನ್ನನ್ನು ಕಂಡು ನಕ್ಕ. "ಏನೂ ಆಗಿಲ್ಲ ತಾತ, ಬಿಸಿ ಆರ್ತೈತೆ ಅಷ್ಟೇ."

"ಗೊತ್ತಪ್ಪ," ಎಂದೆ.

ನನ್ನ ಬಸ್ಸು ಬಂದು ಹೋಯಿತು. ಟಿಕ್ ಟಿಕ್ ಪೂರ್ತಿ ನಿಲ್ಲುವವರೆಗೆ ನಾನು ಅಲ್ಲಿಯೇ ಇದ್ದೆ.