ಸಂಜೀವಣ್ಣ ಕೇಳದ ಫೋಟೋ

ಮೊನ್ನೆ ಬೆಳಿಗ್ಗೆ ಚಹಾ ಹಿಡಿದು ಕುಳಿತಿದ್ದೆ, ಫೋನು ಟಿಣ್ ಎಂದಿತು. ಗಲ್ಫಿನ ನಮ್ಮ ಕನ್ನಡ ಸಂಘದ ಹೊಸ ಕಾರ್ಯದರ್ಶಿಯ ಸಂದೇಶ. "ಅಂಕಲ್, ಹಳೇ ಫೋಟೋಗಳ ಪ್ರದರ್ಶನ ಇಡ್ತಾ ಇದ್ದೇವೆ. ಸ್ಮರಣ ಸಂಚಿಕೆಯ ಮುಖಪುಟದಲ್ಲಿ ಬಂದಿತ್ತಲ್ಲ ಆ ಲೇಬರ್ ಫೋಟೋ, ಅದರ ಒರಿಜಿನಲ್ ಕಳಿಸ್ತೀರಾ? ಸೂಪರ್ ಫೋಟೋ!" ಕೆಳಗೆ ಚಪ್ಪಾಳೆ ತಟ್ಟುವ ಮೂರು ಜೊತೆ ಹಳದಿ ಕೈಗಳು.

ನನಗೆ ಮೈಯೆಲ್ಲ ಉರಿದುಹೋಯಿತು. ಲೇಬರ್ ಫೋಟೋ ಅಂತೆ! ಆ ಮನುಷ್ಯನಿಗೆ ಸಂಜೀವ ಎಂಬ ಹೆಸರಿದೆ, ಕಾರ್ಕಳದ ಹತ್ತಿರ ಮನೆಯಿದೆ. ಆದರೆ ಈ ಕೋಪವೆಲ್ಲ ಕಾರ್ಯದರ್ಶಿಯ ಮೇಲೆ ಎಂದುಕೊಂಡರೆ ನೀವು ನನ್ನನ್ನು ತೀರಾ ಒಳ್ಳೆಯವನೆಂದು ನಂಬಿದ ಹಾಗೆ. ಮುಖಪುಟದಲ್ಲಿ ಆ ಹೆಸರು ಹಾಕದೆ ಬಿಟ್ಟವನು ನಾನೇ.

ಎರಡು ಸಾವಿರದ ಐದೋ ಆರೋ ಇರಬೇಕು. ವೆಸ್ಟ್ ಬೇ ಬಡಾವಣೆಯಲ್ಲಿ ದಿನಕ್ಕೊಂದು ಕಟ್ಟಡ ಮೇಲೇಳುತ್ತಿದ್ದ ಕಾಲ. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಕಡತ ಕಾಯುವ ಗುಮಾಸ್ತ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮತ್ತು ಮೊಳದುದ್ದದ ಒಂದು ಲೆನ್ಸ್ ಕೊಂಡದ್ದೇ ತಡ, ನಾನು ಗುಮಾಸ್ತನಲ್ಲ, ಕಲಾವಿದ ಎಂದು ನನಗೆ ನಾನೇ ಹೇಳಿಕೊಂಡೆ. ಹದಿನಾಲ್ಕು ಜೇಬುಗಳ ಒಂದು ಜಾಕೀಟನ್ನೂ ಕೊಂಡೆ. ಹದಿಮೂರರಲ್ಲಿ ಏನೂ ಇರುತ್ತಿರಲಿಲ್ಲ, ಒಂದರಲ್ಲಿ ಮನೆಯ ಕೀಲಿಕೈ.

ಶುಕ್ರವಾರದ ರಜೆಯಲ್ಲಿ ನಮ್ಮ ಕ್ರೈಸ್ತರ ಪೂಜೆ ಮುಗಿಸಿ ನಾನು ಕಡಲ ದಂಡೆಗೆ ಹೋಗುತ್ತಿದ್ದೆ. ಸಂಜೀವಣ್ಣ ಕೆಲಸಗಾರರ ಕ್ಯಾಂಪಿನ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಹಾಸಿಗೆಯ ಅಡಿಯಲ್ಲಿ ವಾರವಿಡೀ ಒತ್ತಿಟ್ಟ ಅಂಗಿಯ ಇಸ್ತ್ರಿ ಕತ್ತಿಯಂತೆ ಇರುತ್ತಿತ್ತು. ಊರಿಗೆ ಕಳಿಸಲು ಫೋಟೋ ಬೇಕು. ಎಲ್ಲಿ ನಿಲ್ಲಬೇಕು, ಏನು ಬರಬೇಕು ಎಂಬುದೆಲ್ಲ ಅವರದೇ ತೀರ್ಮಾನ. ನಾನು ಗುಂಡಿ ಒತ್ತಬೇಕು, ಅಷ್ಟೇ.

"ಪೊರ್ಬುಗಳೇ, ಸಮುದ್ರ ಬರ್ಲಿ. ಕಾರು ಅರ್ಧ ಬಂದ್ರೆ ಸಾಕು," ಎನ್ನುತ್ತಿದ್ದರು. ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಪ್ರೀತಿಯಿಂದ ಹಾಗೆ ಕರೆಯುವುದುಂಟು.

"ಅರ್ಧ ಯಾಕೆ ಸಂಜೀವಣ್ಣ? ಪೂರ್ತಿ ತೆಗೀತೇನೆ."

"ಬೇಡ ಮಾರಾಯ್ರೆ. ಪೂರ್ತಿ ಬಂದ್ರೆ ನನ್ನದೇ ಅಂತ ಸುಳ್ಳು ಹೇಳ್ಬೇಕಾಗ್ತದೆ. ಅರ್ಧ ಆದ್ರೆ ಯಾರದ್ದೂ ಆಗ್ಬಹುದು."

ದೊಡ್ಡ ಸುಳ್ಳೊಂದು ಅವರಲ್ಲಿ ಮೊದಲೇ ಇತ್ತು. ಹೆಂಡತಿ ಸರೋಜಕ್ಕನಿಗೆ ತಾನು ಸ್ಟೋರಿನಲ್ಲಿ ಸಾಮಾನು ನೋಡಿಕೊಳ್ಳುವವನೆಂದು ಹೇಳಿದ್ದರು. ನಿಜವಾಗಿ ಅವರದು ಶಟರಿಂಗ್ ಕೆಲಸ. ಏಳುತ್ತಿರುವ ಕಟ್ಟಡದ ತುದಿಯಲ್ಲಿ ಕಾಂಕ್ರೀಟು ಸುರಿಯಲು ಹಲಗೆ ಕಟ್ಟುವುದು. ಸರೋಜಕ್ಕನ ಅಪ್ಪ ಶೇಂದಿ ಇಳಿಸಲು ತಾಳೆಮರ ಹತ್ತಿ, ಅವಳ ಕಣ್ಣೆದುರೇ ಬಿದ್ದು ಸತ್ತವರು. ಎತ್ತರ ಹತ್ತುವ ಕೆಲಸ ಮಾಡುವುದಿಲ್ಲ ಎಂದು ತಮ್ಮ ಪುಟ್ಟ ಮಗಳ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡೇ ಗಂಡನನ್ನು ವಿಮಾನ ಹತ್ತಿಸಿದ್ದಳು. ಇದನ್ನೆಲ್ಲ ಅವರೇ ನನಗೆ ಹೇಳಿದ್ದರು, ಅಲ್ ಮನ್ಸೂರಾದ ಹೋಟೆಲಿನಲ್ಲಿ ನೀರುದೋಸೆ ತಿನ್ನುತ್ತ. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ.

ಒಂದು ಮಧ್ಯಾಹ್ನ ಕಚೇರಿಯ ಹನ್ನೊಂದನೇ ಮಾಳಿಗೆಯ ಕಿಟಕಿಯಿಂದ ನೋಡಿದೆ. ಎದುರಿನ ಕಟ್ಟಡವೂ ನಮ್ಮ ಎತ್ತರಕ್ಕೆ ಬಂದಿತ್ತು. ಅದರ ಅಂಚಿನಲ್ಲಿ ಸಂಜೀವಣ್ಣ, ತಲೆಗೆ ಬೈರಾಸು ಸುತ್ತಿ, ಕಾಲು ಇಳಿಬಿಟ್ಟು, ಡಬ್ಬಿಯಿಂದ ಅನ್ನ ತಿನ್ನುತ್ತಿದ್ದರು. ಹಿಂದೆ ಬರಿಯ ಆಕಾಶ. ಉದ್ದ ಲೆನ್ಸು ಹಾಕಿ ತೆಗೆದೆ. ಅವರಿಗೆ ತಿಳಿಯಲಿಲ್ಲ.

ಆ ವರ್ಷ ಸಂಘದ ಸ್ಪರ್ಧೆಗೆ ಎರಡು ಫೋಟೋ ಕಳಿಸಿದೆ, ಅರ್ಧ ಕಾರಿನದು ಮತ್ತು ಆಕಾಶದ್ದು. ತೀರ್ಪುಗಾರರು ಊರಿನಿಂದ ಬಂದಿದ್ದ ದೊಡ್ಡ ಮನುಷ್ಯರು. ಮೊದಲನೆಯದನ್ನು ಎರಡು ಬೆರಳಲ್ಲಿ ಎತ್ತಿ, "ಇದು ಬರೇ ಪೋಸು. ಇದರಲ್ಲಿ ಸತ್ಯ ಇಲ್ಲ," ಎಂದರು. ಎರಡನೆಯದರ ಮುಂದೆ ಕಣ್ಣು ಮುಚ್ಚಿ ತೆರೆದು, "ಆಹಾ, ಎಂಥ ನಿರಾಳ!" ಎಂದರು. ಮೊದಲ ಬಹುಮಾನ. ಸ್ಮರಣ ಸಂಚಿಕೆಯ ಮುಖಪುಟ. 'ಬೆವರಿನ ಹಾಡು' ಎಂಬ ಅಡಿಬರಹ ಬರೆದ ಪುಣ್ಯಾತ್ಮನೂ ನಾನೇ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು, ಬೇಕಾದರೆ ನಗಿ.

ನಮ್ಮವರು ರಜೆಗೆ ಹೋಗುವಾಗ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಖರ್ಜೂರದ ಜೊತೆ ಸ್ಮರಣ ಸಂಚಿಕೆಯನ್ನೂ ಇಟ್ಟುಕೊಳ್ಳುತ್ತಾರೆ. ಅದರಲ್ಲಿ ಎಲ್ಲರ ಕುಟುಂಬದ ಚಿತ್ರ ಇರುತ್ತದಲ್ಲ! ಇದು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಹದಿನೈದೇ ದಿನದಲ್ಲಿ ಆ ಮುಖಪುಟ ಸರೋಜಕ್ಕನ ಕೈಯಲ್ಲಿತ್ತು.

ಮುಂದಿನ ಶುಕ್ರವಾರ ಸಂಜೀವಣ್ಣ ಬಂದರು. ಅಂಗಿಗೆ ಇಸ್ತ್ರಿ ಇರಲಿಲ್ಲ. "ಅವಳು ಅನ್ನ ಬಿಟ್ಟಿದ್ದಾಳೆ. ಇನ್ನು ಇಲ್ಲಿದು ಖಲಾಸ್ ಪೊರ್ಬುಗಳೇ, ವೀಸಾ ಕ್ಯಾನ್ಸಲ್ ಮಾಡಿ ಹೋಗ್ತೇನೆ," ಎಂದರು. ಹೊರಟವರು ತಿರುಗಿ, "ನನ್ನ ಹತ್ರ ಒಂದು ಮಾತು ಕೇಳ್ಬಹುದಿತ್ತು," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು!

ಅಂದಿನಿಂದ ಕಲೆಯ ಮಾತು ಕೇಳಿದರೆ ನನಗೆ ರೇಗುತ್ತದೆ. ಬೆವರು ಮಾತ್ರ ಸತ್ಯ, ಇಸ್ತ್ರಿ ಸುಳ್ಳು ಎಂದು ತೀರ್ಮಾನಿಸಿದವರು ಯಾರು? ವಾರದ ಆರು ದಿನ ಮೈಮೇಲೆ ಬಿದ್ದ ಧೂಳು ಅವರು ಆರಿಸಿಕೊಂಡದ್ದಲ್ಲ. ಏಳನೇ ದಿನದ ಅಂಗಿ, ಬಾಚಿದ ಕೂದಲು, ಅಳೆದು ಸೇರಿಸಿದ ಅರ್ಧ ಕಾರು ಅವರು ಆರಿಸಿಕೊಂಡದ್ದು. ಹಾಗಿದ್ದರೆ ಅಲ್ಲಿ ಕಲಾವಿದ ಯಾರು? ಎ.ಸಿ. ಕೋಣೆಯ ಗಾಜಿನ ಹಿಂದೆ ನಿಂತು ಮತ್ತೊಬ್ಬನ ಊಟದ ಹೊತ್ತನ್ನು ಕದ್ದವನಿಗೆ ಬಹುಮಾನದ ಫಲಕ. ಥೂ! ಹದಿನಾಲ್ಕು ಜೇಬಿನ ಜಾಕೀಟು ಬೇರೆ.

ಕಾರ್ಯದರ್ಶಿಗೆ ಉತ್ತರ ಬರೆಯಹೊರಟವನು ನಿಲ್ಲಿಸಿದೆ. ಅಂದು ಕೇಳದ ಮಾತನ್ನು ಇಂದಾದರೂ ಕೇಳಬೇಕಲ್ಲ. ಊರಿನಲ್ಲಿ ಬಾಗಿಲು, ದಾರಂದಗಳ ಮರಗೆಲಸ ಮಾಡಿಕೊಂಡಿರುವ ಸಂಜೀವಣ್ಣ ಪ್ರತಿ ಕ್ರಿಸ್ಮಸ್ಸಿಗೂ ತಪ್ಪದೆ ಫೋನು ಮಾಡುತ್ತಾರೆ. ಈ ಸಲ ನಾನೇ ಮಾಡಿದೆ.

"ಎಂತ ಪೊರ್ಬುಗಳೇ, ಈ ಸರ್ತಿ ಹಬ್ಬ ಬೇಗ ಬಂತಾ?" ಎಂದು ನಕ್ಕರು. ವಿಷಯ ಹೇಳಿದೆ. "ನಂಗೆಂತ ಇಲ್ಲ. ಅವಳ ಹತ್ರ ಕೇಳಿ," ಎಂದು ಫೋನು ದಾಟಿಸಿದರು.

ಸರೋಜಕ್ಕನ ದನಿಯನ್ನು ನಾನು ಕೇಳಿದ್ದು ಅದೇ ಮೊದಲು.

"ಆ ಪುಸ್ತಕ ಈಗ್ಲೂ ನನ್ನ ಹತ್ರ ಉಂಟು. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಅದ್ರಲ್ಲಿ ಇವ್ರ ಸೊಂಟದ ಸೇಫ್ಟಿ ಬೆಲ್ಟಿನ ಕೊಕ್ಕೆ ಯಾವುದಕ್ಕೂ ಸಿಕ್ಕಿಸಿಲ್ಲ, ಬದಿಯಲ್ಲಿ ನೇತಾಡ್ತಾ ಉಂಟು. ಇವ್ರ ಮೊಬೈಲ್ ನಂಬ್ರ ನಿಮ್ಮ ಹತ್ರ ಇತ್ತು. ಫೋಟೋ ತೆಗಿಯುವಾಗ ಅದು ನಿಮ್ಗೆ ಕಾಣ್ಲಿಲ್ವಾ?"

ತೀರ್ಪುಗಾರರು ನೋಡಿದ್ದರು, ಸಭೆಯಿಡೀ ನೋಡಿ ಚಪ್ಪಾಳೆ ತಟ್ಟಿತ್ತು. ಕೊಕ್ಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದೂರವಿತ್ತು, ಕಾಣಲಿಲ್ಲ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು.

"ಕಂಡಿತ್ತು ಸರೋಜಕ್ಕ," ಎಂದೆ. "ಬಿಸಿಲಿಗೆ ಹೊಳೀತಾ ಇತ್ತು. ಚಂದ ಕಂಡಿತು. ಮತ್ತೆ ಎರಡು ತೆಗೆದೆ."

"ಹ್ಞಾಂ, ಇದ್ದದ್ದು ಹೇಳಿದ್ರಲ್ಲ," ಎಂದು ಫೋನಿಟ್ಟಳು.

ಕಾರ್ಯದರ್ಶಿಗೆ ಫೋಟೋ ಕಳೆದುಹೋಗಿದೆ ಎಂದು ಬರೆದು ಅಳಿಸಿದೆ. ಫೋಟೋ ಇದೆ, ಕೊಡುವುದಿಲ್ಲ ಎಂದು ಬರೆದೆ.